ತಾಯಿಗೆ ಕಳುಹಿಸಿದ ಉಡುಗೊರೆಯೂ ವ್ಯಾಪಾರವೇ?

ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮಗನೊಬ್ಬ ಭಟ್ಕಳದಲ್ಲಿರುವ ತಾಯಿಗೊಂದು ಶಾಲು, ತಂಗಿಗೊಂದು ಕೈಗಡಿಯಾರ, ಆಕೆಯ ಮಗುವಿಗೊಂದು ಅಂಗಿಯನ್ನು ಪೊಟ್ಟಣ ಕಟ್ಟಿ ಅಂಚೆಗೆ ಹಾಕಿದರೆ, ಅದನ್ನು ಉಡುಗೊರೆಯೆಂದು ಪರಿಗಣಿಸಿ ಸುಂಕವಿಲ್ಲದೆ ಬಿಟ್ಟುಕೊಡಲು ನಮ್ಮ ದೇಶದ ಕಾನೂನಿನಲ್ಲಿ ಅವಕಾಶವಿಲ್ಲ. 2019ರ ಡಿಸೆಂಬರ್ 12ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಹೊರಡಿಸಿದ ಅಧಿಸೂಚನೆಯೊಂದು ಆ ಬಾಗಿಲನ್ನು ಮುಚ್ಚಿತು. ಅಂಚೆ ಅಥವಾ ಕೊರಿಯರ್ ಮೂಲಕ ಉಡುಗೊರೆಯ ಹೆಸರಿನಲ್ಲಿ ಬರುವ ಸರಕಿನ ಆಮದು ನಿಷಿದ್ಧ. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಉಳಿದುದೆಲ್ಲವೂ ಪೂರ್ಣ ಸುಂಕ ತೆತ್ತೇ ಒಳಬರಬೇಕು. 2023ರ ವಿದೇಶ ವ್ಯಾಪಾರ ನೀತಿಯೂ ಇದನ್ನೇ ಮುಂದುವರಿಸಿತು. ಒಂದು ಕಾಲನ್ನು ಊರಿನಲ್ಲಿ, ಇನ್ನೊಂದನ್ನು ಕೊಲ್ಲಿಯಲ್ಲಿ ಇಟ್ಟು ಬದುಕುವ ಕುಟುಂಬಗಳು ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಎಷ್ಟಿಲ್ಲ? ಆದರೂ ಇಷ್ಟು ವರ್ಷಗಳಲ್ಲಿ ಈ ಬಗ್ಗೆ ಇಲ್ಲಿ ಒಂದು ಗಂಭೀರ ಚರ್ಚೆ ನಡೆದುದು ನಮ್ಮ ಗಮನಕ್ಕೆ ಬಂದಿಲ್ಲ.

ಸರಕಾರ ಹೀಗೇಕೆ ಮಾಡಿತು ಎಂಬುದನ್ನು ಮೊದಲು ನೋಡೋಣ. ಏಕೆಂದರೆ, ಇದನ್ನು ಪ್ರವಾಸಿ ಕುಟುಂಬಗಳ ವಿರುದ್ಧದ ಸಂಚು ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದು ಸತ್ಯವಲ್ಲ. 1993ರ ಒಂದು ಅಧಿಸೂಚನೆಯ ಪ್ರಕಾರ ವಿದೇಶದಿಂದ ಬರುವ ನೈಜ ಉಡುಗೊರೆಗಳಿಗೆ ನಿರ್ದಿಷ್ಟ ಮೌಲ್ಯದವರೆಗೆ ಸುಂಕ ವಿನಾಯಿತಿ ಇತ್ತು. ಒಂದು ಹಂತದಲ್ಲಿ 20 ಸಾವಿರ ರೂಪಾಯಿಗೆ ಏರಿದ್ದ ಈ ಮಿತಿಯನ್ನು 2017ರ ಜುಲೈಯಲ್ಲಿ, ಜಿಎಸ್‌ಟಿ ಜಾರಿಯಾದ ಹೊತ್ತಿಗೆ, 5 ಸಾವಿರಕ್ಕೆ ಇಳಿಸಲಾಯಿತು. ಕೊಲ್ಲಿಯ ನಗರಗಳಿಂದ ರಟ್ಟಿನ ಪೆಟ್ಟಿಗೆಗಳನ್ನು ಮನೆಬಾಗಿಲಿಗೆ ತಲುಪಿಸುತ್ತಿದ್ದ ಕಾರ್ಗೋ ವ್ಯವಹಾರಕ್ಕೆ ಬಿದ್ದ ಮೊದಲ ಪೆಟ್ಟು ಅದು. ಅಷ್ಟರಲ್ಲಿ ಇನ್ನೊಂದು ಬೆಳವಣಿಗೆಯಾಗಿತ್ತು. ಕ್ಲಬ್ ಫ್ಯಾಕ್ಟರಿ, ಶೀಇನ್, ಅಲಿಎಕ್ಸ್‌ಪ್ರೆಸ್‌ನಂತಹ ತಾಣಗಳು ನಮ್ಮ ಮಕ್ಕಳ ಮೊಬೈಲುಗಳಿಗೆ ಬಂದಿಳಿದಿದ್ದುವು. ಇನ್ನೂರು ರೂಪಾಯಿಗೆ ಅಂಗಿ, ನೂರಕ್ಕೆ ವಾಚು, ಐವತ್ತಕ್ಕೆ ಕಿವಿಯೋಲೆ! ಚೀನಾದಿಂದ ಹೊರಟ ಇಂತಹ ಪೊಟ್ಟಣಗಳಲ್ಲಿ ಲೆಕ್ಕವಿಲ್ಲದಷ್ಟರ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಬರೆದಿದ್ದ ಪದ ಒಂದೇ: ಉಡುಗೊರೆ. ಯಾರು ಯಾರಿಗೆ ಕೊಟ್ಟ ಉಡುಗೊರೆ? ಹಣ ಪಡೆದು ಮಾರಿದ ಸರಕನ್ನು ಕಂಪೆನಿಯೊಂದು ತನ್ನ ಗಿರಾಕಿಗೆ ಪ್ರೀತಿಯ ಕಾಣಿಕೆಯೆಂದು ಘೋಷಿಸುತ್ತಿತ್ತು. ಸಕ್ರಮವಾಗಿ ಆಮದು ಮಾಡಿ ಆಟಿಕೆ ಮಾರುವವನು ಶೇ. 20ರ ಸುಂಕ, ಅದರ ಮೇಲೆ ಜಿಎಸ್‌ಟಿ ತೆರುತ್ತಿದ್ದ ಕಾಲದಲ್ಲಿ, ಅದೇ ಆಟಿಕೆ ಏನೂ ತೆರದೆ ಅವನ ಅಂಗಡಿಯ ಮುಂದಿನಿಂದಲೇ ಗಿರಾಕಿಯ ಮನೆಗೆ ಹೋಗುತ್ತಿತ್ತು. ದೇಶದ ವ್ಯಾಪಾರಿಗಳು ದೂರಿದರು, ಸರಕಾರ ಬಾಗಿಲು ಹಾಕಿತು. ಮರುವರ್ಷ, 2020ರ ಜೂನ್ 29ರಂದು, ಗಡಿಯ ಘರ್ಷಣೆಯ ಬೆನ್ನಿಗೆ ಶೀಇನ್ ಮತ್ತು ಕ್ಲಬ್ ಫ್ಯಾಕ್ಟರಿ ಸೇರಿದಂತೆ 59 ಆ್ಯಪ್‌ಗಳನ್ನೂ ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ಸನ್ನೂ ನಿಷೇಧಿಸಲಾಯಿತು. ಶೀಇನ್ 2025ರಲ್ಲಿ ರಿಲಯನ್ಸ್‌ನ ಕೈಹಿಡಿದು, ಇಲ್ಲಿಯೇ ತಯಾರಾದ ಬಟ್ಟೆಗಳೊಂದಿಗೆ ಮರಳಿ ಬಂತು ಎಂಬುದು ಬೇರೆ ಮಾತು. ಕಂಪೆನಿಗೆ ಹಿಂದಿರುಗುವ ದಾರಿ ಸಿಕ್ಕಿತು. ತಾಯಿಯ ಶಾಲಿಗೆ ಸಿಗಲಿಲ್ಲ.

ಅಷ್ಟು ದೂರದಿಂದ ಅಷ್ಟು ಅಗ್ಗಕ್ಕೆ ಪೊಟ್ಟಣ ಬರುವುದಾದರೂ ಹೇಗೆ? ಸರಕು ಅಗ್ಗವೆಂಬುದು ಅರ್ಧ ಉತ್ತರ ಮಾತ್ರ. ಉಳಿದ ಅರ್ಧ ಅಂಚೆಯ ಲೆಕ್ಕದಲ್ಲಿದೆ. 1874ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬರ್ನ್‌ನಲ್ಲಿ ಹುಟ್ಟಿದ ಸಾರ್ವತ್ರಿಕ ಅಂಚೆ ಒಕ್ಕೂಟದ ಮೂಲ ತತ್ವ ಸರಳವಾಗಿತ್ತು: ಕಳುಹಿಸುವ ದೇಶ ಅಂಚೆಚೀಟಿಯ ಹಣವನ್ನು ಇಟ್ಟುಕೊಳ್ಳುತ್ತದೆ, ತಲುಪುವ ದೇಶ ಉಚಿತವಾಗಿ ಹಂಚುತ್ತದೆ. ಪತ್ರಕ್ಕೆ ಉತ್ತರ ಬಂದೇ ಬರುತ್ತದೆ, ಆದ್ದರಿಂದ ಲೆಕ್ಕ ಸಮವಾಗುತ್ತದೆ ಎಂಬ ನಂಬಿಕೆ. ಅದು ಸಮವಾಗದೆ ಹೋದಾಗ, 1969ರಲ್ಲಿ, ಹಂಚಿಕೆಯ ವೆಚ್ಚವನ್ನು ಕಳುಹಿಸುವ ದೇಶ ಒಂದಿಷ್ಟು ಭರಿಸಬೇಕೆಂಬ ನಿಯಮ ಬಂತು. ಬಡ ರಾಷ್ಟ್ರಗಳಿಗೆ ಆ ದರ ಕಡಿಮೆ. ಇದು ನ್ಯಾಯವೇ. ಆದರೆ ಜಗತ್ತಿನ ಕಾರ್ಖಾನೆಯಾಗಿ ಬೆಳೆದ ಮೇಲೂ ಚೀನಾ ಬಹುಕಾಲ ಆ ಕಡಿಮೆ ದರದ ಗುಂಪಿನಲ್ಲೇ ಇತ್ತು. ಎರಡು ಕಿಲೋಗಿಂತ ಕಡಿಮೆ ತೂಕದ ಸಣ್ಣ ಪೊಟ್ಟಣಗಳು ಪತ್ರಗಳ ಸಾಲಿನಲ್ಲಿ ಕುಳಿತು ಲೋಕ ಸುತ್ತಿದುವು. ಅಮೇರಿಕದೊಳಗೆ ಒಂದೂರಿನಿಂದ ಇನ್ನೊಂದೂರಿಗೆ ಪೊಟ್ಟಣ ಕಳುಹಿಸುವುದಕ್ಕಿಂತ ಚೀನಾದಿಂದ ತರಿಸುವುದು ಅಗ್ಗವಾದಾಗ ಆ ದೇಶ 2018ರಲ್ಲಿ ಒಕ್ಕೂಟವನ್ನೇ ತೊರೆಯುವ ನೋಟೀಸು ಕೊಟ್ಟಿತು. 2019ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿದ ವಿಶೇಷ ಅಧಿವೇಶನವು ದರಗಳನ್ನು ತಿದ್ದಲು ಒಪ್ಪಿದ ಮೇಲಷ್ಟೇ ಆ ಬಿಕ್ಕಟ್ಟು ಮುಗಿಯಿತು.

ಸಾಗಾಟದ ದರ ಒಂದು ಊರಿನ ಹಣೆಬರಹವನ್ನೇ ಬದಲಿಸಬಲ್ಲುದು ಎಂಬುದನ್ನು ನಮ್ಮ ಕರಾವಳಿಗೆ ಯಾರೂ ಕಲಿಸಬೇಕಾಗಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಮುಂಬೈಗೆ. ಬಯಲುಸೀಮೆಯಲ್ಲಿ ಬೆಳೆದ ಆ ಹತ್ತಿಗೆ ಮಾರುಕಟ್ಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು. 1861ರಿಂದ 1865ರ ತನಕ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ಆ ಪೇಟೆಯ ವೈಭವ ಕೇಳಬೇಕೇ! 1880ರ ದಶಕದ ಕೊನೆಯಲ್ಲಿ ರೈಲು ಹುಬ್ಬಳ್ಳಿಯನ್ನು ಗೋವೆಯ ಮರ್ಮಗೋವಾ ಬಂದರಿಗೆ ಜೋಡಿಸಿತು. ಹತ್ತಿಯ ಗುಣ ಕೆಡಲಿಲ್ಲ, ವ್ಯಾಪಾರಿಗಳ ಜಾಣ್ಮೆ ಕುಂದಲಿಲ್ಲ. ದಾರಿ ಬದಲಾಯಿತು, ಅಷ್ಟೆ. ಕುಮಟಾದ ಬಂದರು ಸೊರಗಿತು. ಅದಕ್ಕೂ ಮೂರು ಶತಮಾನಗಳ ಹಿಂದೆ ಹೊನ್ನಾವರ ಮತ್ತು ಭಟ್ಕಳಗಳು ವಿಜಯನಗರಕ್ಕೆ ಅರಬಿ ಕುದುರೆಗಳನ್ನು ಇಳಿಸಿಕೊಳ್ಳುತ್ತಿದ್ದ ಬಂದರುಗಳಾಗಿದ್ದುವು. ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಹೋಗುತ್ತಿದ್ದುದನ್ನು ಪೋರ್ಚುಗೀಸ್ ಬರಹಗಾರ ಬಾರ್ಬೋಸಾ ದಾಖಲಿಸಿದ್ದಾನೆ. 1547ರಲ್ಲಿ ಪೋರ್ಚುಗೀಸರು ವಿಜಯನಗರದೊಂದಿಗೆ ಒಪ್ಪಂದ ಮಾಡಿಕೊಂಡು ಕುದುರೆ ವ್ಯಾಪಾರವನ್ನು ಗೋವೆಯ ಹಿಡಿತಕ್ಕೆ ಎಳೆದುಕೊಂಡರು. ಯಾರು ಎಲ್ಲಿ ಇಳಿಸಬೇಕು, ಯಾರಿಗೆ ಸುಂಕ ಕಟ್ಟಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಯಾರ ಕೈಯಲ್ಲಿತ್ತೋ ಲಾಭವೂ ಅವರದಾಯಿತು. ನವಾಯತರ ಪೂರ್ವಿಕರು ಇದನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ.

ಇದೇ ಮಾತನ್ನು ಭಟ್ಕಳದ ಇಂದಿನ ಪೇಟೆಗೆ ಅನ್ವಯಿಸಿ ನೋಡಬೇಕು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಇಲ್ಲಿ ಬೆಳೆದ ವಿದೇಶಿ ಸಾಮಾನಿನ ಅಂಗಡಿಗಳು ನಿಂತಿದ್ದುದೇ ಸುಂಕದ ಗೋಡೆಯ ನೆರಳಿನಲ್ಲಿ. ದೇಶದೊಳಗೆ ಸಿಗದ ಸಾಬೂನು, ಅತ್ತರು, ಚಾಕಲೇಟು, ಕಂಬಳಿ, ಟೇಪ್‌ರೆಕಾರ್ಡರುಗಳು ಕೊಲ್ಲಿಯಿಂದ ಬಂದವರ ಪೆಟ್ಟಿಗೆಗಳಿಂದ ಈ ಅಂಗಡಿಗಳಿಗೆ ಇಳಿದುವು. ಸುತ್ತಲ ತಾಲೂಕುಗಳ ಜನ ಬಸ್ಸು ಹತ್ತಿ ಬಂದು ಕೊಂಡರು. 1991ರಲ್ಲಿ ಸುಂಕದ ಗರಿಷ್ಠ ದರವನ್ನೇ ಶೇ. 150ಕ್ಕೆ ‘ಇಳಿಸಬೇಕಾಗಿ’ ಬಂದಿತ್ತೆಂದರೆ ಆ ಗೋಡೆಯ ಎತ್ತರವನ್ನು ಊಹಿಸಬಹುದು. 2001ರ ಏಪ್ರಿಲ್‌ನಲ್ಲಿ ಕೊನೆಯ 715 ಬಗೆಯ ಸರಕುಗಳ ಮೇಲಿದ್ದ ಆಮದು ನಿರ್ಬಂಧವೂ ಹೋಯಿತು. 2007ರ ಹೊತ್ತಿಗೆ ಕೃಷಿಯೇತರ ಸರಕುಗಳ ಗರಿಷ್ಠ ಸುಂಕ ಸಾಮಾನ್ಯವಾಗಿ ಶೇ. 10ಕ್ಕೆ ಬಂತು. ಭಟ್ಕಳದಲ್ಲಿ ಮಾತ್ರ ಸಿಗುತ್ತಿದ್ದುದು ಹುಬ್ಬಳ್ಳಿಯಲ್ಲೂ ಮಂಗಳೂರಿನಲ್ಲೂ ಸಿಗತೊಡಗಿತು. ಆ್ಯಪ್‌ಗಳು ಬಂದುದು ಇದರ ಮೇಲೆ. ಗೋಡೆಯ ನೆರಳಿನಲ್ಲಿ ಬೆಳೆದ ವ್ಯಾಪಾರ ಗೋಡೆ ಕುಸಿದಾಗ ಬಾಡುವುದು ಸಹಜ. ಅದಕ್ಕಾಗಿ ನಾವು ಕಣ್ಣೀರು ಹಾಕಬೇಕೆಂದು ಹೇಳುತ್ತಿಲ್ಲ. ಆದರೆ ಆ ಅಂಗಡಿಗಳ ಹಿಂದೆ ಕುಟುಂಬಗಳಿದ್ದುವು, ಸಾಲ ಕೊಟ್ಟು ತಿಂಗಳ ಕೊನೆಗೆ ವಸೂಲಿ ಮಾಡುವ ಸಂಬಂಧವಿತ್ತು, ಹಬ್ಬದ ಹಿಂದಿನ ರಾತ್ರಿ ಬಾಗಿಲು ತಟ್ಟಿದರೂ ಸಾಮಾನು ಕೊಡುವ ಮನಸ್ಸಿತ್ತು. ಆ್ಯಪ್ ಈ ಯಾವುದನ್ನೂ ಕೊಡುವುದಿಲ್ಲ. ಹರಿದ ಬುರ್ಖಾವನ್ನು ಸಮುದ್ರದಾಚೆಗೆ ಮರಳಿಸುವ ದಾರಿಯನ್ನೂ ತೋರಿಸುವುದಿಲ್ಲ. ಅಗ್ಗದ ಬೆಲೆಯನ್ನು ಮೊಬೈಲಿನಲ್ಲಿ ತೋರಿಸಿ ಸುಂಕವನ್ನು ಅಂಚೆಯಣ್ಣ ಬಾಗಿಲಲ್ಲಿ ನಿಂತು ಕೇಳುವಾಗ, ಒಟ್ಟು ಎಷ್ಟಾಯಿತೆಂದು ಕೂಡಿಸಿ ನೋಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಎಷ್ಟಿದೆ?

ಹೋಗಲಿ, ಇಲ್ಲಿನವರು ತಮ್ಮ ಸರಕನ್ನು ಹೊರಗೆ ಕಳುಹಿಸಿ ಬದುಕಬಹುದಲ್ಲ ಎಂದರೆ ಅಲ್ಲಿಯೂ ಅಂಚೆಯ ದರವೇ ಎದುರಾಗುತ್ತದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಳಿಸಲಾಯಿತು. ಅಕ್ಟೋಬರ್ 1ರಂದು ಬಂದ ಹೊಸ ದರಪಟ್ಟಿಯಲ್ಲಿ 50 ಗ್ರಾಂ ತೂಕದ ಲಕೋಟೆಗೆ ಊರೊಳಗಾದರೆ 19 ರೂಪಾಯಿ, ಊರಾಚೆಗೆ 47 ರೂಪಾಯಿ, ಮೇಲೆ ಜಿಎಸ್‌ಟಿ. ಹೊನ್ನಾವರದಿಂದ ಶರಾವತಿ ದಾಟಿ ಭಟ್ಕಳಕ್ಕೆ ಹೋದರೂ ಅಷ್ಟೇ, ದಿಲ್ಲಿಗೆ ಹೋದರೂ ಅಷ್ಟೇ. ಕುಮಟಾ, ಹೊನ್ನಾವರಗಳ ಗಂಧದ ಕೆತ್ತನೆಯ ಗುಡಿಗಾರನಿಗೆ, ಮನೆಯಲ್ಲೇ ಕಸೂತಿ ಮಾಡಿ ಮಾರುವ ಹೆಣ್ಣುಮಗಳಿಗೆ ಈ ಮೊತ್ತ ಸಣ್ಣದಲ್ಲ. ದಿನಕ್ಕೆ ಲಕ್ಷಗಟ್ಟಲೆ ಪೊಟ್ಟಣ ಕಳುಹಿಸುವ ಕಂಪೆನಿ ಸಾಗಾಟದವರೊಂದಿಗೆ ಕುಳಿತು ದರ ಕುದುರಿಸುತ್ತದೆ, ಮತ್ತೆ ‘ಡೆಲಿವರಿ ಉಚಿತ’ ಎಂದು ಫಲಕ ಹಾಕುತ್ತದೆ. ಕೌಂಟರಿನ ಮುಂದೆ ಒಂದು ಪೊಟ್ಟಣ ಹಿಡಿದು ನಿಂತವಳಿಗೆ ಕುದುರಿಸಲು ಏನಿದೆ? ಪುಸ್ತಕಗಳ ಮಟ್ಟಿಗಾದರೂ ಸರಕಾರಕ್ಕೆ ಇದು ಅರ್ಥವಾದಂತಿದೆ. 2024ರ ಡಿಸೆಂಬರ್‌ನಲ್ಲಿ ಬುಕ್ ಪೋಸ್ಟ್ ಸೌಲಭ್ಯ ನಿಂತಾಗ ಪ್ರಕಾಶಕರು ಕೂಗೆಬ್ಬಿಸಿದರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೆಸರಿನಲ್ಲಿ 300 ಗ್ರಾಂವರೆಗೆ 20 ರೂಪಾಯಿಯ ದರ ಬಂತು. ಕೂಗಿದವರಿಗೆ ಸಿಕ್ಕಿತು ಎಂಬುದನ್ನು ನಾವು ಗಮನಿಸಬೇಕು.

ವಿಮಾನದಲ್ಲಿ ಬರುವವರ ವಿಷಯದಲ್ಲೂ ಹೀಗೆಯೇ ಆಯಿತು. 2016ರ ಬ್ಯಾಗೇಜ್ ನಿಯಮದಂತೆ ಪ್ರಯಾಣಿಕನು 50 ಸಾವಿರ ರೂಪಾಯಿವರೆಗಿನ ಸಾಮಾನನ್ನು ಸುಂಕವಿಲ್ಲದೆ ತರಬಹುದಿತ್ತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದು ಮರಳುವ ಮಹಿಳೆಗೆ 40 ಗ್ರಾಂ ಆಭರಣ. ಆದರೆ ಅದರ ಮೌಲ್ಯ ಒಂದು ಲಕ್ಷ ಮೀರಬಾರದು. ಚಿನ್ನದ ಬೆಲೆ ಏರುತ್ತಾ ಹೋಗಿ, 2025ರಲ್ಲಿ 10 ಗ್ರಾಂಗೇ ಲಕ್ಷ ದಾಟಿದಾಗ ಆ 40 ಗ್ರಾಂ ಎಂಬುದು ಕಾಗದದ ಮೇಲಷ್ಟೇ ಉಳಿಯಿತು. ತನ್ನ ಮದುವೆಯ ಬಳೆಯನ್ನೇ ತೊಟ್ಟು ಬಂದವಳು ಅಧಿಕಾರಿಯ ಮುಂದೆ ವಿವರಣೆ ಕೊಡುತ್ತಾ ನಿಲ್ಲಬೇಕಾಯಿತು. ಕೊನೆಗೆ 2026ರ ಫೆಬ್ರವರಿಯಲ್ಲಿ ಬಂದ ಹೊಸ ಬ್ಯಾಗೇಜ್ ನಿಯಮಗಳು ಸಾಮಾನಿನ ಮಿತಿಯನ್ನು 75 ಸಾವಿರಕ್ಕೆ ಏರಿಸಿ, ಆಭರಣಕ್ಕಿದ್ದ ಮೌಲ್ಯದ ಮಿತಿಯನ್ನು ತೆಗೆದು ತೂಕವನ್ನು ಮಾತ್ರ ಉಳಿಸಿದುವು. ಅದೇ ಬಜೆಟ್, ವೈಯಕ್ತಿಕ ಬಳಕೆಗೆ ತರಿಸುವ ಸರಕಿನ ಸುಂಕವನ್ನು ಶೇ. 20ರಿಂದ ಶೇ. 10ಕ್ಕೆ ಇಳಿಸುವುದಾಗಿಯೂ ಪ್ರಕಟಿಸಿತು. ಸ್ವಾಗತಾರ್ಹ. ಆದರೆ ಇಲ್ಲೊಂದು ವಿಪರ್ಯಾಸವಿದೆ. ವರ್ಷಕ್ಕೆರಡು ಬಾರಿ ವಿಮಾನ ಹತ್ತಬಲ್ಲ ವ್ಯಾಪಾರಿಗೆ ಪ್ರತಿ ಸಲವೂ 75 ಸಾವಿರ. ಮೂರು ವರ್ಷಕ್ಕೊಮ್ಮೆ ರಜೆ ಸಿಗುವ, ಟಿಕೆಟಿಗೆ ಹಣ ಕೂಡಿಡುವ ಕಾರ್ಮಿಕನು ಅಂಚೆಯಲ್ಲಿ ಕಳುಹಿಸುವ ಎರಡು ಸಾವಿರದ ಪೊಟ್ಟಣಕ್ಕೆ ಸೊನ್ನೆ.

ಇದೇ ಸಂದರ್ಭದಲ್ಲಿ ನಮ್ಮವರಿಗೂ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಉಡುಗೊರೆ ಎಂಬ ಚೀಟಿಯ ಸುಳ್ಳನ್ನು ಕಂಪೆನಿಗಳು ಮಾತ್ರ ಬರೆದಿದ್ದುವೇ? ಮಾರಾಟಕ್ಕೆಂದೇ ತರಿಸಿದ ಸರಕನ್ನು ಹತ್ತು ಹೆಸರುಗಳಿಗೆ ಹಂಚಿ, ಸಾವಿರದ ಸಾಮಾನಿಗೆ ನೂರರ ಬೆಲೆ ಬರೆದು, ಕಾರ್ಗೋ ಪೆಟ್ಟಿಗೆಗಳನ್ನು ಇಳಿಸಿಕೊಂಡ ಕಾಲವನ್ನು ಕರಾವಳಿಯ ಪೇಟೆಗಳು ಕಂಡಿಲ್ಲವೇ? ಅಳತೆ, ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಒಂದು ಅಧ್ಯಾಯವನ್ನು ಹೊಂದಿರುವ ಗ್ರಂಥವನ್ನು ಓದುವವರು ನಾವು. ಬೆಲೆಯ ಚೀಟಿ ತಕ್ಕಡಿಯ ಹೊರಗಿನದು ಎಂದು ಭಾವಿಸಲು ನಮಗೆ ಆಧಾರವೇನಿದೆ? ಇನ್ನು ಚಿನ್ನದ ವಿಷಯ. ಟಿಕೆಟಿನ ಹಣ ಮತ್ತು ಒಂದಿಷ್ಟು ಕಮಿಷನ್ನಿನ ಆಸೆಗೆ ಯಾರದೋ ಚಿನ್ನವನ್ನು ಹೊತ್ತು ತಂದು ಸಿಕ್ಕಿಬಿದ್ದ ಎಳೆಯರ ಸುದ್ದಿಯನ್ನು ಕರಾವಳಿ ಎಷ್ಟು ಬಾರಿ ಓದಿಲ್ಲ? ಹೊರಿಸಿದವನು ಹೊರಗಿರುತ್ತಾನೆ, ಹೊತ್ತವನು ಒಳಗೆ. 2024ರ ಜುಲೈಯಲ್ಲಿ ಚಿನ್ನದ ಮೇಲಿನ ಸುಂಕವನ್ನು ಶೇ. 15ರಿಂದ ಶೇ. 6ಕ್ಕೆ ಇಳಿಸಿದಾಗ ಈ ದಂಧೆಯ ಲಾಭ ಬಹಳಷ್ಟು ಕರಗಿತು. ಸುಂಕ ಏರಿದಷ್ಟೂ ಕಳ್ಳದಾರಿ ಅಗಲವಾಗುತ್ತದೆ ಎಂಬುದನ್ನು ಸರಕಾರವೂ ಒಪ್ಪಿಕೊಂಡಂತಾಯಿತು. ಆದರೆ ನಮ್ಮೂರಿನ ಹೆಸರಿರುವ ಪಾಸ್‌ಪೋರ್ಟನ್ನು ಕಂಡೊಡನೆ ಸೂಟ್‌ಕೇಸನ್ನು ಪಕ್ಕಕ್ಕಿರಿಸಲು ಹೇಳುವ ಸಂಶಯ ಅಷ್ಟು ಬೇಗ ಕರಗುವುದಿಲ್ಲ. ಪ್ರಾಮಾಣಿಕನಾದ ನೂರು ಮಂದಿ ಅದರ ಬೆಲೆ ತೆರುತ್ತಾರೆ.

ಹಾಗಾದರೆ ಸಣ್ಣ ಸರಕಿಗೆ ವಿನಾಯಿತಿ ಎಂಬುದೇ ತಪ್ಪು ಕಲ್ಪನೆಯೇ? ಅಲ್ಲ. ಇದು ಬಹಳ ಹಳೆಯದು. ಖಲೀಫಾ ಉಮರ್(ರ)ರ ಕಾಲದಲ್ಲಿ, ಮುಸ್ಲಿಮ್ ವ್ಯಾಪಾರಿಗಳಿಂದ ಇತರ ನಾಡುಗಳು ಹತ್ತನೇ ಒಂದು ಪಾಲು ವಸೂಲಿ ಮಾಡುತ್ತವೆಂಬ ವರದಿ ಬಂದಾಗ, ಅಲ್ಲಿನ ವ್ಯಾಪಾರಿಗಳಿಂದ ನೀವೂ ಅಷ್ಟೇ ಪಡೆಯಿರಿ ಎಂಬ ಆದೇಶ ಹೊರಟಿತು. ಈಗಿನವರು ‘ಪ್ರತಿಸುಂಕ’ ಎನ್ನುತ್ತಾರಲ್ಲ, ಅದೇ. ಆದರೆ 200 ದಿರ್ಹಮ್‌ಗಿಂತ ಕಡಿಮೆ ಮೌಲ್ಯದ ಸರಕಿನಿಂದ ಏನನ್ನೂ ಪಡೆಯಬಾರದೆಂಬ ನಿಯಮವೂ ಜೊತೆಗಿತ್ತೆಂದು ಇಮಾಮ್ ಅಬೂ ಯೂಸುಫ್‌ರ ಕಿತಾಬುಲ್ ಖರಾಜ್ ಗ್ರಂಥದಿಂದ ತಿಳಿಯುತ್ತದೆ. ಸುಂಕದವನ ಕಣ್ಣು ವ್ಯಾಪಾರಿಯ ಮೇಲಿರಲಿ, ಬುತ್ತಿಯ ಗಂಟಿನ ಮೇಲೆ ಬೇಡ.

ಇಂದಿನ ಜಗತ್ತನ್ನೇ ನೋಡೋಣ. ಸಣ್ಣ ಪೊಟ್ಟಣಗಳ ಸುಂಕ ವಿನಾಯಿತಿಯನ್ನು ದೊಡ್ಡ ದೇಶಗಳೆಲ್ಲ ಒಂದೊಂದಾಗಿ ಕೊನೆಗೊಳಿಸುತ್ತಿವೆ. ಅಮೇರಿಕವು 800 ಡಾಲರ್‌ವರೆಗಿನ ವಿನಾಯಿತಿಯನ್ನು 2025ರ ಮೇ ತಿಂಗಳಲ್ಲಿ ಚೀನಾಕ್ಕೂ ಆಗಸ್ಟ್ 29ರಂದು ಉಳಿದೆಲ್ಲ ದೇಶಗಳಿಗೂ ರದ್ದುಗೊಳಿಸಿತು. ಸುಂಕವನ್ನು ಯಾರು, ಹೇಗೆ ವಸೂಲಿ ಮಾಡಬೇಕೆಂಬ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆ ಅಮೇರಿಕಕ್ಕೆ ಹೋಗುವ ಪೊಟ್ಟಣಗಳನ್ನು ಆಗಸ್ಟ್ 25ರಿಂದ ನಿಲ್ಲಿಸಿ, ಅಕ್ಟೋಬರ್ 15ಕ್ಕೆ ಪುನರಾರಂಭಿಸಿತು. ಐರೋಪ್ಯ ಒಕ್ಕೂಟವೂ ತನ್ನ 150 ಯೂರೋ ವಿನಾಯಿತಿಯನ್ನು ಕೈಬಿಟ್ಟು, 2026ರ ಜುಲೈಯಿಂದ ಇಂತಹ ಪೊಟ್ಟಣಗಳಲ್ಲಿನ ಸರಕಿಗೆ 3 ಯೂರೋ ಸುಂಕ ವಿಧಿಸುವ ನಿರ್ಧಾರವನ್ನು 2025ರ ಕೊನೆಯಲ್ಲಿ ಕೈಗೊಂಡಿತು. ಆದರೆ ಗಮನಿಸಬೇಕಾದ ಅಂಶ ಇದು: ಅಷ್ಟು ಕಠಿಣವಾಗಿ ಬಾಗಿಲು ಹಾಕಿದ ಅಮೇರಿಕದ ಆದೇಶವೂ 100 ಡಾಲರ್‌ವರೆಗಿನ ನೈಜ ಉಡುಗೊರೆಯನ್ನು ಮುಟ್ಟಲಿಲ್ಲ. ಯುರೋಪಿನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ 45 ಯೂರೋವರೆಗಿನ ಉಡುಗೊರೆಗೆ ಪ್ರತ್ಯೇಕ ವಿನಾಯಿತಿ ಇದೆ. ಅಂಗಡಿ ಬೇರೆ, ಮನೆ ಬೇರೆ ಎಂಬುದನ್ನು ಅವರು ಮರೆಯಲಿಲ್ಲ. ನಾವು ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆವು.

ಒಂದೇ ಹಗ್ಗ ಎನ್ನುವುದೂ ಪೂರ್ತಿ ಸರಿಯಲ್ಲ. ರಾಖಿಗೆ ವಿನಾಯಿತಿ ಇದೆ. ಅದು ಇರಬೇಕಾದುದೇ, ಕಡಲಾಚೆಯ ತಂಗಿಗೂ ಊರಿನ ಅಣ್ಣನಿಗೂ ನಡುವಿನ ದಾರವನ್ನು ಸುಂಕದ ಕತ್ತರಿಗೆ ಒಡ್ಡಬಾರದೆಂದು ಯೋಚಿಸಿದ ಅಧಿಕಾರಿಯನ್ನು ನಾವು ಅಭಿನಂದಿಸುತ್ತೇವೆ. ನಮ್ಮ ಕೋರಿಕೆ ಇಷ್ಟೇ: ಆ ಯೋಚನೆಯನ್ನು ಇನ್ನೆರಡು ಹೆಜ್ಜೆ ಮುಂದಕ್ಕೆ ಒಯ್ಯಲಿ. ಈದ್‌ಗೆ ಬರುವ ಅಂಗಿ, ಕ್ರಿಸ್ಮಸ್‌ಗೆ ಬರುವ ಆಟಿಕೆ, ಹೆರಿಗೆಯಾದ ಮಗಳಿಗೆ ಬರುವ ಕಂಬಳಿ ಇವೂ ಅದೇ ದಾರದಿಂದ ಕಟ್ಟಿದುವು. ಕೊಲ್ಲಿಯಲ್ಲಿ ದುಡಿಯುವವರು ಮುಸ್ಲಿಮರು ಮಾತ್ರವಲ್ಲ. ಹೊನ್ನಾವರ, ಕುಮಟಾಗಳ ಹಿಂದೂ, ಕ್ರೈಸ್ತ ಮನೆಗಳ ಮಕ್ಕಳೂ ಅಲ್ಲಿದ್ದಾರೆ. ಆದ್ದರಿಂದ ಇದು ಒಂದು ಸಮುದಾಯದ ಬೇಡಿಕೆಯಾಗಿ ದಿಲ್ಲಿಗೆ ಹೋಗಬಾರದು.

ದುರುಪಯೋಗವನ್ನು ತಡೆಯುವುದು ಈಗ ಕಷ್ಟವೇನಲ್ಲ. ಕಳುಹಿಸುವವನಿಗೆ ಪಾಸ್‌ಪೋರ್ಟ್ ಮತ್ತು ಅಲ್ಲಿನ ವಾಸದ ಗುರುತುಚೀಟಿ ಇದೆ, ಪಡೆಯುವವರಿಗೆ ಆಧಾರ್ ಇದೆ. ವ್ಯಕ್ತಿಯ ಹೆಸರಿನಿಂದಲೇ ಬರಬೇಕು, ಕಂಪೆನಿಯಿಂದ ಬರಕೂಡದು. ವರ್ಷಕ್ಕೆ ಎರಡೋ ಮೂರೋ ಬಾರಿ. ಮೌಲ್ಯ 10 ಸಾವಿರ ಮೀರಬಾರದು. ಸುಳ್ಳು ಘೋಷಿಸಿದವನಿಗೆ ಮುಂದೆಂದೂ ಈ ಸೌಲಭ್ಯವಿಲ್ಲ. ಇಂತಹ ನಿಯಮವನ್ನು ಅಂಚೆ ಮತ್ತು ಕಸ್ಟಮ್ಸ್ ಇಲಾಖೆಗಳು ಗಣಕಯಂತ್ರದಲ್ಲೇ ನಿಭಾಯಿಸಬಹುದು. ಮಿತಿಯನ್ನು ಒಮ್ಮೆ ಬರೆದು ಹತ್ತು ವರ್ಷ ಮರೆಯುವ ಅಭ್ಯಾಸವನ್ನೂ ಬಿಡಬೇಕು. ಆಭರಣದ ವಿಷಯದಲ್ಲಿ ಅದು ಎಷ್ಟು ಹಾಸ್ಯಾಸ್ಪದವಾಯಿತೆಂಬುದನ್ನು ಎಲ್ಲರೂ ಕಂಡಿದ್ದಾರೆ. ಇದರ ಜೊತೆಗೆ ಸಣ್ಣ ಉತ್ಪಾದಕರ ಪೊಟ್ಟಣಗಳಿಗೆ ಜ್ಞಾನ ಪೋಸ್ಟ್‌ನಂತಹ ದರವೊಂದನ್ನು ಅಂಚೆ ಇಲಾಖೆ ನಿಗದಿಪಡಿಸಬೇಕು.

ಕೇಳುವವರು ಯಾರು? ಭಟ್ಕಳದಲ್ಲಿ 1912ರಿಂದ ಮಜ್ಲಿಸೆ ಇಸ್ಲಾಹ್ ವ ತಂಝೀಮ್ ಇದೆ, ಕೊಲ್ಲಿಯ ನಗರಗಳಲ್ಲಿ ಊರ ಜಮಾಅತ್‌ಗಳಿವೆ, ಮೂರೂ ಊರುಗಳಲ್ಲಿ ವರ್ತಕರ ಸಂಘಟನೆಗಳಿವೆ, ಉತ್ತರ ಕನ್ನಡಕ್ಕೊಬ್ಬರು ಲೋಕಸಭಾ ಸದಸ್ಯರಿದ್ದಾರೆ, ಬೆಂಗಳೂರಿನಲ್ಲಿ ಅನಿವಾಸಿ ಭಾರತೀಯರ ಸಮಿತಿಯಿದೆ. ಅಂಗಡಿಯವರು ಮತ್ತು ಪ್ರವಾಸಿ ಕುಟುಂಬಗಳು ಈ ವಿಷಯದಲ್ಲಿ ಪರಸ್ಪರ ವಿರೋಧಿಗಳೆಂದು ಭಾವಿಸಬೇಕಾಗಿಲ್ಲ. ವ್ಯಾಪಾರಕ್ಕೆ ವ್ಯಾಪಾರದ ಸುಂಕ, ಉಡುಗೊರೆಗೆ ಉಡುಗೊರೆಯ ವಿನಾಯಿತಿ ಎಂಬ ಬೇಡಿಕೆಗೆ ಇಬ್ಬರೂ ಸಹಿ ಹಾಕಬಹುದು. ಬಜೆಟಿನ ಸಲಹೆಗಳನ್ನು ಹಣಕಾಸು ಸಚಿವಾಲಯ ಫೆಬ್ರವರಿಗೆ ಎಷ್ಟೋ ತಿಂಗಳು ಮೊದಲೇ ಸ್ವೀಕರಿಸತೊಡಗುತ್ತದೆ. ಅಷ್ಟರೊಳಗೆ ಎರಡು ಪುಟದ ಮನವಿಯೊಂದು ಸಿದ್ಧವಾಗಿ, ಒಂದು ಪ್ರತಿ ಆ ಸಚಿವಾಲಯಕ್ಕೂ ಇನ್ನೊಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೂ ತಲುಪಬೇಕು.